ಬಾಯಿಗೆ ವಸ್ತ್ರ, ಸಾಲಿಗೆ ಕೀಲಿ

ಕಳೆದ ವಾರ ಆಫೀಸಿನಲ್ಲಿ ಚಹಾದ ಹೊತ್ತಿಗೆ ಒಂದು ಜಗಳ ಆಯಿತು. ಕೈಕೈ ಮಿಲಾಯಿಸುವ ಜಗಳ ಅಲ್ಲ, ನಮ್ಮ ಸಾಫ್ಟ್‌ವೇರ್ ಮಂದಿಯ ಜಗಳ. ಇಬ್ಬರೂ ಮೊಬೈಲು ತೆಗೆದು ಒಬ್ಬರಿಗೊಬ್ಬರು ಲಿಂಕು ತೋರಿಸೋದು. ವಿಷಯ ಹಳೇದೇ. ಕೊರೊನಾ ಕಾಲದಲ್ಲಿ ಮಾಸ್ಕ್ ಕಡ್ಡಾಯ ಮಾಡಿದ್ದು ಸರಿಯೋ ತಪ್ಪೋ, ಶಾಲೆ ಅಷ್ಟು ದಿನ ಮುಚ್ಚಿದ್ದು ಸರಿಯೋ ತಪ್ಪೋ. ಒಬ್ಬ ಗೆಳೆಯ 1918ರ ಒಂದು ಕಪ್ಪುಬಿಳುಪು ಫೋಟೋ ತೋರಿಸಿದ. ಸಾಲಾಗಿ ನಿಂತ ಜನ, ಎಲ್ಲರ ಮೂಗಿನ ಮೇಲೂ ಬಿಳಿ ಬಟ್ಟೆ. "ನೋಡು, ನೂರು ವರ್ಷದ ಹಿಂದೇನೇ ಎಲ್ಲಾ ಕಡೆ ಮಾಸ್ಕ್ ಹಾಕ್ತಿದ್ರು" ಅಂದ. ಫೋಟೋ ಅಮೆರಿಕದ್ದು. "ನಮ್ಮ ಕಡೆ?" ಅಂತ ಕೇಳಿದೆ. "ಇಂಡಿಯಾದಲ್ಲೂ ಹಾಕಿರ್ತಾರೆ ಬಿಡು" ಅಂದ.

ನಾನು ಕೇಳಿದ್ದು ಇಂಡಿಯಾ ಅಲ್ಲ, ಇಂಡಿ! (ಈ ಜೋಕು ನಮ್ಮೂರವರಿಗೆ ಹಳಸಿ ಹೋಗಿದೆ, ಬೆಂಗಳೂರಲ್ಲಿ ಇನ್ನೂ ನಡೆಯುತ್ತೆ :) )

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಇಂಡಿ ಅನ್ನೋದು ವಿಜಯಪುರ ಜಿಲ್ಲೆಯ ತಾಲೂಕು. ಉತ್ತರಕ್ಕೆ ಭೀಮಾ ಹೊಳೆ, ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಲಿಂಬೆಹಣ್ಣಿಗೆ ಹೆಸರುವಾಸಿ. ಪಕ್ಕದಲ್ಲಿ ಸಿಂದಗಿ, ಕೆಳಗೆ ಬಸವನ ಬಾಗೇವಾಡಿ, ಮುದ್ದೇಬಿಹಾಳ. ಮಳೆ ಬಂದರೆ ಜೋಳ, ಬರದಿದ್ದರೆ ಗುಳೇ. ಇಂಥಾ ಕಡೆ 1918ರಲ್ಲಿ ಏನಾಗಿತ್ತು, 2020ರಲ್ಲಿ ಏನಾಯಿತು ಅಂತ ಅವತ್ತಿನಿಂದ ತಲೆ ಕೊರೆಯುತ್ತಿದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಚಹಾ ಇಟ್ಟುಕೊಂಡು ಓದಿ.

1918ರ ಜೂನ್ 10ರಂದು ಮುಂಬಯಿ ಬಂದರಿನಲ್ಲಿ ಕಾವಲಿಗಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲ ಅನ್ನೋದು ಬಿಟ್ಟರೆ ಏನೆಂದು ಯಾರಿಗೂ ತಿಳಿಯಲಿಲ್ಲ. ಮೊದಲ ಮಹಾಯುದ್ಧದ ಸೈನಿಕರು ಹಡಗಿನಿಂದ ಇಳಿಯುತ್ತಿದ್ದ ಕಾಲ ಅದು. ಆ ಮೊದಲ ಅಲೆ ಅಷ್ಟಾಗಿ ಕೊಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಎರಡನೆಯದು ಬಂತು ನೋಡಿ, ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಸಾವು.

ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ ಹಾಯ್ದು ಗದಗಿಗೆ ಹೋಗುವ ರೈಲು ಹಳಿ 1880ರ ದಶಕದಲ್ಲೇ ಬಿದ್ದಿತ್ತು. ಇಂಡಿ ರೋಡ್ ಸ್ಟೇಶನ್ನು ಆ ಹಳಿ ಮೇಲೇ ಇದೆ. ಮುಂಬಯಿ ಗಿರಣಿಗಳಿಂದ ಹೆದರಿ ಊರಿಗೆ ಓಡಿ ಬಂದವರು ಸೊಲ್ಲಾಪುರದ ತನಕ ದೊಡ್ಡ ಗಾಡಿಯಲ್ಲಿ, ಅಲ್ಲಿಂದ ಈ ಹಳಿ ಮೇಲೆ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಟೆಂಪೋ, ಲಾರಿ ಹಿಡಿದು ಬಂದವರ ಮೊಮ್ಮಕ್ಕಳ ಮುತ್ತಜ್ಜರು ಅನ್ನಿ. ಅಲ್ಲಲ್ಲ, ಲೆಕ್ಕ ತಪ್ಪಿತು, ಬಂದವರ ಮುತ್ತಜ್ಜರು. ದಾರಿಯಂತೂ ಅದೇ.

ಹೊಳೆ ಆಚೆಯ ಮರಾಠಿಯಲ್ಲಿ ಆ ಜ್ವರಕ್ಕೆ 'ಮಾನಮೋಡಿ' ಅಂತ ಹೆಸರು. ಮಾನ ಅಂದರೆ ಕುತ್ತಿಗೆ, ಕುತ್ತಿಗೆ ಮುರಿಯುವ ಬೇನೆ. ನಮ್ಮ ಮುತ್ಯಾ ಬದುಕಿದ್ದಾಗ, ಅವನ ಅವ್ವ ಹೇಳಿದ್ದು ಅಂತ ಒಂದು ಮಾತು ಹೇಳ್ತಿದ್ದ. "ಒಬ್ಬರನ್ನ ಮಣ್ಣಿಗಿ ಇಟ್ಟು ಮನಿಗಿ ಬರೂದ್ರಾಗ ಇನ್ನೊಬ್ಬರು ತಯಾರ ಇರ್ತಿದ್ರಂತ." ಯಾವ ವರ್ಷ ಅಂತ ಅವನಿಗೆ ಗೊತ್ತಿರಲಿಲ್ಲ. ಪ್ಲೇಗು ಇರಬೇಕು ಅಂತ ನಾನೂ ಬಹಳ ದಿನ ತಿಳಿದಿದ್ದೆ. ಆದರೆ ಪ್ಲೇಗಿನ ಕತೆಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡದ್ದು ಬರುತ್ತೆ, ಇಲಿ ಬೀಳೋದು ಬರುತ್ತೆ. ಮುತ್ಯಾನ ಕತೆಯಲ್ಲಿ ಅವೆರಡೂ ಇರಲಿಲ್ಲ. ಬರೀ ಜ್ವರ, ಮತ್ತೆ ಆ ವರ್ಷ ಮಳೆ ಇಲ್ಲದ್ದು. 1918ರಲ್ಲಿ ಮುಂಗಾರು ಕೈಕೊಟ್ಟಿತ್ತು. ಹೊಟ್ಟೆಗಿಲ್ಲದ ಮೈಗೆ ಜ್ವರ ಬಂದದ್ದು.

ಬ್ರಿಟಿಷ್ ಸರ್ಕಾರ ಮೊದಲು ಲೆಕ್ಕ ಹಾಕಿದ್ದು ದೇಶದಲ್ಲಿ ಸುಮಾರು 60 ಲಕ್ಷ ಸಾವು. ಆಮೇಲಿನ ವಿದ್ವಾಂಸರ ಲೆಕ್ಕ ಒಂದೂಕಾಲು ಕೋಟಿಯಿಂದ 1.8 ಕೋಟಿ ತನಕ ಹೋಗುತ್ತೆ. ಜನಗಣತಿ ಶುರುವಾದಾಗಿನಿಂದ ಭಾರತದ ಜನಸಂಖ್ಯೆ ಇಳಿದದ್ದು ಒಂದೇ ದಶಕದಲ್ಲಿ, 1911ರಿಂದ 1921. ಈಗಿನ ಗಡಿಯೊಳಗಿನ ಭಾರತದ ಲೆಕ್ಕದಲ್ಲಿ 25.21 ಕೋಟಿ ಇದ್ದದ್ದು 25.13 ಕೋಟಿ ಆಯಿತು. ಪ್ರಾಂತಗಳಲ್ಲಿ ಹೆಚ್ಚು ಪೆಟ್ಟು ತಿಂದವುಗಳ ಸಾಲಿನಲ್ಲಿ ಮುಂಬಯಿ ಪ್ರಾಂತ ಮುಂದಿತ್ತು. ಸತ್ತವರಲ್ಲಿ ದುಡಿಯುವ ವಯಸ್ಸಿನವರೇ ಬಹಳ, ಅದರಲ್ಲೂ ಹೆಂಗಸರು ಹೆಚ್ಚು. ರೋಗಿಗಳ ಆರೈಕೆ ಮಾಡಿದವರು ಯಾರು ಅಂತ ಯೋಚಿಸಿದರೆ ಯಾಕೆ ಅಂತ ತಿಳಿಯುತ್ತೆ.

ಇನ್ನೊಂದು ಅಂಕಿ ಇದೆ, ಮುಂಬಯಿ ನಗರದ್ದು. ಸಾವಿರ ಜನಕ್ಕೆ ಎಷ್ಟು ಸತ್ತರು ಅನ್ನೋದು. ಯುರೋಪಿಯನ್ನರಲ್ಲಿ 8.3. ಪಾರ್ಸಿಗಳಲ್ಲಿ 9. ಮೇಲ್ಜಾತಿ ಹಿಂದೂಗಳಲ್ಲಿ 18.9. ಕೆಳಜಾತಿಯವರು ಅಂತ ಸರ್ಕಾರ ಬರೆದುಕೊಂಡ ಜನರಲ್ಲಿ 61.6. ವೈರಸ್ಸಿಗೆ ಜಾತಿ ಇಲ್ಲ ಅಂತ 2020ರಲ್ಲಿ ಎಷ್ಟು ಸಲ ಕೇಳಿದೆವಲ್ಲ, ವೈರಸ್ಸಿಗೆ ಇಲ್ಲದಿರಬಹುದು. ಗಾಳಿ ಬೆಳಕಿಲ್ಲದ ಒಂದೇ ಕೋಣೆಯಲ್ಲಿ ಎಂಟು ಜನ ಮಲಗೋದಕ್ಕೆ ಜಾತಿ ಇತ್ತು.

ಈಗ ಮಾಸ್ಕಿಗೆ ಬರೋಣ. ನನ್ನ ಗೆಳೆಯ ತೋರಿಸಿದಂಥ ಫೋಟೋಗಳು ಬಹಳ ಮಟ್ಟಿಗೆ ಸ್ಯಾನ್ ಫ್ರಾನ್ಸಿಸ್ಕೋ, ಸಿಯಾಟಲ್ ಕಡೆಯವು. ಅದಕ್ಕೂ ಹಿಂದೆ, 1910–11ರಲ್ಲಿ, ಮಂಚೂರಿಯಾದ ಹಾರ್ಬಿನ್ ಊರಲ್ಲಿ ಶ್ವಾಸಕೋಶದ ಪ್ಲೇಗು ಬಂದಾಗ ವು ಲಿಯೆನ್-ತೆ ಅನ್ನುವ ವೈದ್ಯ (ಮಲಯದ ಪೆನಾಂಗಿನಲ್ಲಿ ಹುಟ್ಟಿದವರು) ಹತ್ತಿ ಮತ್ತು ತೆಳುಬಟ್ಟೆಯ ಮಾಸ್ಕು ಮಾಡಿಸಿ ಎಲ್ಲರಿಗೂ ಹಾಕಿಕೊಳ್ಳಲು ಹೇಳಿದರು. ರೋಗ ಉಸಿರಿನಿಂದ ಹರಡುತ್ತೆ ಅಂತ ಅವರ ವಾದ. ಮೆಸ್ನಿ ಅನ್ನುವ ಹಿರಿಯ ಫ್ರೆಂಚ್ ವೈದ್ಯರು ಒಪ್ಪಲಿಲ್ಲ, ಮಾಸ್ಕಿಲ್ಲದೇ ರೋಗಿಗಳನ್ನು ನೋಡಿದರು, ಕೆಲವೇ ದಿನದಲ್ಲಿ ಅದೇ ಪ್ಲೇಗಿಗೆ ಸತ್ತರು. ಮಾಸ್ಕಿನ ಚರ್ಚೆಯಲ್ಲಿ ಇಷ್ಟು ಬೇಗ ತೀರ್ಮಾನ ಆದದ್ದು ಅದೊಂದೇ ಸಲ ಅನ್ಸುತ್ತೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರ್ಮಾನ ಆಗಲೇ ಇಲ್ಲ. 1918ರ ಅಕ್ಟೋಬರ್ ಕೊನೆಯಲ್ಲಿ ಮಾಸ್ಕ್ ಕಡ್ಡಾಯ ಆಯಿತು, ಹಾಕದವರಿಗೆ ದಂಡ, ಜೈಲು. ನವೆಂಬರಿನಲ್ಲಿ ತೆಗೆದರು. ಜ್ವರ ಮತ್ತೆ ಬಂತು, 1919ರ ಜನವರಿಯಲ್ಲಿ ಮತ್ತೆ ಕಡ್ಡಾಯ. ಈ ಸಲ ಜನ 'ಮಾಸ್ಕ್ ವಿರೋಧಿ ಸಂಘ' ಕಟ್ಟಿ ಸಾವಿರಾರು ಮಂದಿ ಸಭೆ ಸೇರಿದರು. ಫೆಬ್ರವರಿ 1ಕ್ಕೆ ನಿಯಮ ರದ್ದು. ಶಾಲೆಗಳ ವಿಷಯದಲ್ಲೂ ಜಗಳ. ಸೇಂಟ್ ಲೂಯಿಸ್‌ನ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಅಕ್ಟೋಬರ್ ಮೊದಲ ವಾರದಲ್ಲೇ ಶಾಲೆ, ಚರ್ಚು, ಸಿನೆಮಾ ಎಲ್ಲಾ ಮುಚ್ಚಿಸಿದರು. ನ್ಯೂಯಾರ್ಕಿನ ರಾಯಲ್ ಕೋಪ್‌ಲ್ಯಾಂಡ್ ಮುಚ್ಚಲಿಲ್ಲ. ಅವರ ವಾದ ಕೇಳಿ: ನಮ್ಮ ಊರಿನ ಹತ್ತು ಲಕ್ಷ ಮಕ್ಕಳಲ್ಲಿ ಏಳೂವರೆ ಲಕ್ಷ ಮಕ್ಕಳು ಇಕ್ಕಟ್ಟಾದ ವಠಾರಗಳಲ್ಲಿ ಇದ್ದಾರೆ. ಆ ಮನೆಗಳಿಗಿಂತ ಶಾಲೆಯ ಕೋಣೆ ಸ್ವಚ್ಛ, ಗಾಳಿ ಹೆಚ್ಚು, ನರ್ಸು ದಿನಾ ಬಂದು ನೋಡುತ್ತಾಳೆ. ಜ್ವರ ಬಂದರೆ ಅಲ್ಲೇ ಗೊತ್ತಾಗುತ್ತೆ.

ನ್ಯೂಯಾರ್ಕಿನ ಆ ನಿರ್ಧಾರ ಸರಿಯೋ ತಪ್ಪೋ ಅಂತ ಇತಿಹಾಸಕಾರರು ಈಗಲೂ ಕಿತ್ತಾಡುತ್ತಾರೆ. 2007ರಲ್ಲಿ 43 ಅಮೆರಿಕನ್ ನಗರಗಳ ಲೆಕ್ಕ ತೆಗೆದ ಒಂದು ಅಧ್ಯಯನ, ಬೇಗ ಮುಚ್ಚಿ, ಬಹಳ ದಿನ ಮುಚ್ಚಿ, ಒಟ್ಟಿಗೆ ಹಲವು ಕ್ರಮ ತೆಗೆದುಕೊಂಡ ಊರುಗಳಲ್ಲಿ ಸಾವು ಕಡಿಮೆ ಅಂತ ಹೇಳಿತು. ಆದರೆ ಅಲ್ಲಿ 'ಬಹಳ ದಿನ' ಅಂದರೆ ವಾರಗಳ ಲೆಕ್ಕ, ಹೆಚ್ಚೆಂದರೆ ಕೆಲವು ತಿಂಗಳು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂಡಿಯಲ್ಲಿ 1918ರಲ್ಲಿ ಇಂಥಾ ಜಗಳ ನಡೆದಿರಬಹುದೇ? ನಡೆಯೋಕೆ ಮುಚ್ಚಲು ಶಾಲೆ ಇರಬೇಕಲ್ಲ. 1911ರ ಗಣತಿಯಲ್ಲಿ ಇಡೀ ದೇಶದ ಸಾಕ್ಷರತೆ ನೂರಕ್ಕೆ ಆರು. ಹಳ್ಳಿಯ ಮಗುವಿಗೆ ಶಾಲೆ ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಸರ್ಕಾರ ಕೊಟ್ಟ ಸಲಹೆ ಏನೆಂದರೆ ಬಯಲಲ್ಲಿ ಮಲಗಿ, ಜನಜಂಗುಳಿಗೆ ಹೋಗಬೇಡಿ, ಔಷಧದ ನೀರಲ್ಲಿ ಬಾಯಿ ಮುಕ್ಕಳಿಸಿ. ಬಲವಂತ ಮಾಡುವ ಧೈರ್ಯ ಸರ್ಕಾರಕ್ಕೆ ಉಳಿದಿರಲಿಲ್ಲ, ಅದಕ್ಕೊಂದು ಹಿನ್ನೆಲೆ ಇದೆ. 1897ರ ಫೆಬ್ರವರಿಯಲ್ಲಿ ಪ್ಲೇಗಿಗೆಂದು ಎಪಿಡೆಮಿಕ್ ಡಿಸೀಸಸ್ ಆಕ್ಟ್ ತಂದರು. ನಾಲ್ಕೇ ಕಲಮುಗಳ ಪುಟ್ಟ ಕಾನೂನು. ಅದನ್ನು ಹಿಡಿದುಕೊಂಡು ಪುಣೆಯಲ್ಲಿ ಸೈನಿಕರು ಮನೆ ಮನೆ ನುಗ್ಗಿದರು, ಜನ ರೊಚ್ಚಿಗೆದ್ದರು, ಜೂನ್ 22ರಂದು ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡಿಟ್ಟರು. ಮರುವರ್ಷ ನಮ್ಮ ಹುಬ್ಬಳ್ಳಿ–ಧಾರವಾಡಕ್ಕೆ ಪ್ಲೇಗು ಬಂದಾಗ ದಾರಿ ಸ್ವಲ್ಪ ಬೇರೆ ಇತ್ತು. ಹಾಫ್‌ಕಿನ್ ಕಂಡುಹಿಡಿದ ಹೊಸ ಲಸಿಕೆಯನ್ನು ಅಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಒಟ್ಟಿನಲ್ಲಿ 1918ರ ಹೊತ್ತಿಗೆ ಕಾನೂನಿತ್ತು, ಚಲಾಯಿಸುವ ಮನಸ್ಸಿರಲಿಲ್ಲ, ವೈದ್ಯರೂ ಯುದ್ಧಕ್ಕೆ ಹೋಗಿದ್ದರು.

2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿದ್ದು ಅದೇ 1897ರ ಕಾನೂನಿನ ಅಡಿ. ಅದರ ಹಿಂದಿನ ದಿನ, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಕೋವಿಡ್ ಅಂತ ಖಚಿತವಾದದ್ದು 12ಕ್ಕೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಪಕ್ಕದ ಜಿಲ್ಲೆಯದು. ಆ ವಾರವೇ ಮೊದಲು ಬೆಂಗಳೂರಿನ ಚಿಕ್ಕಮಕ್ಕಳ ತರಗತಿ, ಆಮೇಲೆ ಎಲ್ಲಾ ಕಡೆ ಶಾಲೆ ಬಂದ್. ಆಗ ಅದು ತಪ್ಪು ಅಂತ ನನಗೇನೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸಲ್ಲ. ಏನು ಬಂದಿದೆ ಅಂತಲೇ ಗೊತ್ತಿಲ್ಲದಾಗ ಬಾಗಿಲು ಹಾಕೋದು ಸಹಜ. ಪ್ರಶ್ನೆ ಇರೋದು ಬಾಗಿಲು ತೆರೆಯೋದರ ಬಗ್ಗೆ.

ಮಾಸ್ಕಿನ ಕತೆ ಮುಗಿಸಿ ಅಲ್ಲಿಗೆ ಬರ್ತೀನಿ. ನಮ್ಮ ಕಡೆ ಬಾಯಿಗೆ ಬಟ್ಟೆ ಕಟ್ಟೋದು ಹೊಸದೇನಲ್ಲ. ಜೋಳದ ರಾಶಿ ಮಾಡುವಾಗ, ತೂರುವಾಗ, ಧೂಳು ಹೊಟ್ಟು ಮೂಗಿಗೆ ಹೋಗದಂತೆ ಗಂಡಸರು ವಸ್ತ್ರ ಸುತ್ತಿಕೊಳ್ಳುತ್ತಾರೆ, ಹೆಂಗಸರು ಸೆರಗು. ಅದನ್ನೇ ಕಟ್ಟಿಕೊಂಡು ಜನ ಸಂತೆಗೆ ಬಂದರು. ವಿಜ್ಞಾನಿಗಳೇ ಆಗ ಒಂದು ಮಾತಿನ ಮೇಲೆ ನಿಂತಿರಲಿಲ್ಲ. ಸಾಮಾನ್ಯ ಜನ ಬಟ್ಟೆ ಮಾಸ್ಕು ಹಾಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರ ಜೂನ್ 5ಕ್ಕೆ, ಅಷ್ಟರಲ್ಲಿ ನಮ್ಮ ಸರ್ಕಾರ ಹೇಳಿ ಎರಡು ತಿಂಗಳಾಗಿತ್ತು.

ಜಗಳ ಹುಟ್ಟಿದ್ದು ಬಟ್ಟೆಗಲ್ಲ, ದಂಡಕ್ಕೆ. ಅಕ್ಟೋಬರ್ 2020ರ ಆರಂಭದಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಇಲ್ಲದವರಿಗೆ ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿ ದಂಡ ಅಂತ ಮಾಡಿತು. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ. ಹೆಚ್ಚುಕಡಿಮೆ ಎರಡು ದಿನದ ಕೂಲಿ ಒಂದು ತುಂಡು ಬಟ್ಟೆಗೆ! ಎಲ್ಲಾ ಕಡೆ ಕೂಗೆದ್ದಿತು. ಒಂದೇ ವಾರದಲ್ಲಿ ಅದು 250 ಮತ್ತು 100ಕ್ಕೆ ಇಳಿಯಿತು. ಇದನ್ನೂ ನೆನಪಿಟ್ಟುಕೊಳ್ಳಿ: ಕೂಗಿದರೆ ಒಂದು ವಾರದಲ್ಲಿ ಆದೇಶ ಬದಲಾಗುತ್ತೆ.

ಮಾಸ್ಕು ಕೆಲಸ ಮಾಡುತ್ತಾ? ಈ ಪ್ರಶ್ನೆಗೆ ನಮ್ಮಂಥ ಹಳ್ಳಿಗಳಿಗೆ ಹತ್ತಿರದ ಉತ್ತರ ಬಾಂಗ್ಲಾದೇಶದಿಂದ ಬಂದದ್ದು. ಅಲ್ಲಿ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ಮೇಲೆ ಪ್ರಯೋಗ ನಡೆಸಿದರು. ಅರ್ಧ ಹಳ್ಳಿಗಳಲ್ಲಿ ಪುಕ್ಕಟೆ ಮಾಸ್ಕು ಹಂಚಿ, ಮಸೀದಿ, ಸಂತೆಗಳಲ್ಲಿ ತಿಳಿಹೇಳಿ, ದಂಡ ಹಾಕದೇ ನೋಡಿದರು. ಸರಿಯಾಗಿ ಮಾಸ್ಕ್ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯಿತು. ಲಕ್ಷಣ ಇದ್ದು ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ನೂರಕ್ಕೆ ಒಂಬತ್ತರಷ್ಟು ಕಡಿಮೆ. ಆಸ್ಪತ್ರೆ ಮಾದರಿಯ ಮಾಸ್ಕು ಹಂಚಿದ ಕಡೆ ಫಲ ಸ್ಪಷ್ಟ, ಅದರಲ್ಲೂ ಮುದುಕರಿಗೆ. ಬಟ್ಟೆ ಮಾಸ್ಕಿನ ಕಡೆ ಅಷ್ಟು ಸ್ಪಷ್ಟ ಇಲ್ಲ. ಅಂದರೆ ನನ್ನ ಗೆಳೆಯನೂ ಪೂರ್ತಿ ಗೆಲ್ಲಲಿಲ್ಲ, ಅವನೆದುರು ಕೂತವನೂ ಗೆಲ್ಲಲಿಲ್ಲ. ಚಹಾ ಮಾತ್ರ ಆರಿತು.

ಈಗ ಸಾಲಿ.

ಆಗ ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಆಫೀಸಿನವರು ಮನೆಯಿಂದ ಕೆಲಸ ಮಾಡಿ ಅಂದರು, ಲ್ಯಾಪ್‌ಟಾಪು ಹೊತ್ತುಕೊಂಡು ಇಂಡಿಗೆ ಬಂದೆ. ಇಂಟರ್ನೆಟ್ಟಿನ ಖರ್ಚು ಅವರದೇ. ಮಾಳಿಗೆ ಮೇಲೆ ಕೂತರೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ನನ್ನ ಅಕ್ಕನನ್ನು ಸಿಂದಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮಗಳು ಆ ಮಾರ್ಚಿನಲ್ಲಿ ಸರ್ಕಾರಿ ಶಾಲೆಯ ಒಂದನೇ ಇಯತ್ತೆ. ಅಆಇಈ ಮುಗಿದು ಕಾಗುಣಿತ ಶುರುವಾಗಿತ್ತು. ಮನೆಗೆ ಇದ್ದದ್ದು ಒಂದು ಸ್ಮಾರ್ಟ್‌ಫೋನು, ಅದು ಭಾವನ ಜೇಬಿನಲ್ಲಿ. ಭಾವ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮನೆಗೆ.

ಅದೇ ಜೂನಿನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಚರ್ಚೆ. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಬಹುದೋ ಬಾರದೋ. ಸರ್ಕಾರ ಐದನೇ ತರಗತಿವರೆಗೆ ಬೇಡ ಅಂತ ನಿಷೇಧಿಸಿತು. ಕೆಲವು ಪಾಲಕರು ಹೈಕೋರ್ಟಿಗೆ ಹೋದರು. ಜುಲೈ 8ರಂದು ಹೈಕೋರ್ಟು ಆ ಆದೇಶಗಳಿಗೆ ತಡೆ ಕೊಟ್ಟಿತು, ಕಲಿಯುವ ಹಕ್ಕಿಗೆ ಧಕ್ಕೆ ಅಂತ. ಪತ್ರಿಕೆಗಳ ತುಂಬಾ ಅದೇ. ನಾನು ಮಾಳಿಗೆ ಮೇಲೆ ಕೂತು ಓದುತ್ತಿದ್ದೆ. ಮಕ್ಕಳ ಕಣ್ಣು ಹಾಳಾಗುತ್ತೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಅಕ್ಕನ ಮಗಳ ಕಣ್ಣಿಗೇನೂ ಅಪಾಯ ಇರಲಿಲ್ಲ!

ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ನನ್ನ ಲೆಕ್ಕದಲ್ಲಿ ಆ ಎರಡು ವರ್ಷದಲ್ಲಿ ನಡೆದ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದು. ಮಕ್ಕಳು ಶಾಲೆಗೆ ಬರೋದು ಬೇಡ, ಮೇಷ್ಟ್ರೇ ಓಣಿಗೆ ಹೋಗಲಿ. ಗುಡಿ ಕಟ್ಟೆ, ಬೇವಿನ ಗಿಡದ ನೆರಳು, ಸಮುದಾಯ ಭವನ, ಎಲ್ಲಿ ಜಾಗ ಇದೆಯೋ ಅಲ್ಲಿ ಇಪ್ಪತ್ತು–ಇಪ್ಪತ್ತೈದು ಮಕ್ಕಳು. ವಠಾರ ಶಾಲೆ ಅಂತಲೂ ಕರೆದರು. ಮೊಬೈಲೇ ಇಲ್ಲದ ಮಕ್ಕಳು, ಸಾದಾ ಮೊಬೈಲು ಇದ್ದವರು, ಸ್ಮಾರ್ಟ್‌ಫೋನು ಇದ್ದವರು ಅಂತ ಮೂರು ಗುಂಪು ಮಾಡಿಕೊಂಡು ಯಾರಿಗೆ ಹೇಗೆ ಪಾಠ ಮುಟ್ಟಿಸೋದು ಅಂತ ಯೋಚಿಸಿದ್ದರು. ಚಂದನ ವಾಹಿನಿಯಲ್ಲಿ ದೊಡ್ಡ ತರಗತಿಯವರಿಗೆ ಸೇತುಬಂಧ ಪಾಠಗಳು ಬರುತ್ತಿದ್ದವು. ಬಯಲಲ್ಲಿ ಸೋಂಕು ಹರಡೋದು ಕಡಿಮೆ ಅಂತ ಈಗ ಎಲ್ಲರಿಗೂ ಗೊತ್ತು. ಕೋಪ್‌ಲ್ಯಾಂಡ್ ಸಾಹೇಬರು ನೋಡಿದ್ದರೆ ಖುಷಿಪಡುತ್ತಿದ್ದರು.

ಎರಡೇ ತಿಂಗಳು. ಮಕ್ಕಳಿಗೆ ಸೋಂಕು ತಗುಲಿದ, ಶಿಕ್ಷಕರು ತೀರಿಕೊಂಡ ವರದಿಗಳು ಬಂದವು, ಟಿವಿ ಚಾನೆಲ್ಲುಗಳು ಹಗಲು ರಾತ್ರಿ ಕೂಗಿದವು, ಅಕ್ಟೋಬರ್ 10ಕ್ಕೆ ವಿದ್ಯಾಗಮ ಬಂದ್. ಶಿಕ್ಷಕರ ಭಯವನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಲಸಿಕೆ ಇನ್ನೂ ಬಂದಿರಲಿಲ್ಲ, ಐವತ್ತು ದಾಟಿದ, ಶುಗರು ಬಿಪಿ ಇರುವ ಮೇಷ್ಟ್ರುಗಳು ಓಣಿ ಓಣಿ ತಿರುಗಬೇಕಿತ್ತು. ಅವರ ಮನೆಯವರ ಸಂಕಟ ಸುಳ್ಳಲ್ಲ. ಆದರೆ ಅದೇ ಮೇಷ್ಟ್ರುಗಳನ್ನು ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ಕೆಲಸಕ್ಕೆ ಹಾಕಿದರು. ಮುಂದಿನ ಏಪ್ರಿಲಿನಲ್ಲಿ, ಎರಡನೇ ಅಲೆ ಏರುತ್ತಿದ್ದಾಗ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆಗೆ ಹಾಕಿದರು. ಚುನಾವಣೆ ಕರ್ತವ್ಯಕ್ಕೆ ಹೋಗಿ ಬಂದು ಸೋಂಕಿಗೆ ಬಲಿಯಾದ ಶಿಕ್ಷಕರ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು. ಚುನಾವಣೆ ಮಾತ್ರ ಯಾವುದೂ ನಿಲ್ಲಲಿಲ್ಲ.

ಮಕ್ಕಳನ್ನು ಕೂರಿಸಿ ನಡೆಸಲು ಸಾಧ್ಯವೇ ಇರಲಿಲ್ಲವೇ? ಸಾಧ್ಯ ಇತ್ತು, ನಮ್ಮ ರಾಜ್ಯವೇ ತೋರಿಸಿತ್ತು. 2020ರ ಜೂನ್ 25ರಿಂದ ಜುಲೈ ಮೊದಲ ವಾರದ ತನಕ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ತೆಲಂಗಾಣ, ತಮಿಳುನಾಡು ರದ್ದು ಮಾಡಿದವು, ನಮ್ಮ ಶಿಕ್ಷಣ ಮಂತ್ರಿ ಸುರೇಶ್ ಕುಮಾರ್ ಹಠ ಹಿಡಿದು ನಡೆಸಿದರು. ಸುಮಾರು ಎಂಟೂವರೆ ಲಕ್ಷ ಮಕ್ಕಳು, ಮಾಸ್ಕು, ಅಂತರ, ಬಾಗಿಲಲ್ಲಿ ಜ್ವರ ತಪಾಸಣೆ. ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ಕಂಡಿತು, ಜನ ಹೆದರಿದಂಥ ಅನಾಹುತ ಆಗಲಿಲ್ಲ. ಪರೀಕ್ಷೆಗೆ ಇಷ್ಟು ಮಾಡಿದವರು ಪಾಠಕ್ಕೆ ಯಾಕೆ ಮಾಡಲಿಲ್ಲ? ಪರೀಕ್ಷೆ ಅಂದರೆ ನಮಗೆ ಶಿಕ್ಷಣ, ಪಾಠ ಅಂದರೆ ಆಮೇಲೆ ನೋಡೋಣ.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರೋದು 2021ರ ಏಪ್ರಿಲ್ ಮೊದಲ ವಾರ. ಎರಡನೇ ತಾರೀಕು ಸರ್ಕಾರ ಹೊಸ ನಿಯಮ ತಂದಿತು. ಆರರಿಂದ ಒಂಬತ್ತನೇ ತರಗತಿ ಬಂದ್, ಜಿಮ್ ಬಂದ್, ಕೆಲವು ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಅರ್ಧ ಸೀಟು. ಹಿಂದಿನ ದಿನವಷ್ಟೇ ಪುನೀತ್ ಅವರ 'ಯುವರತ್ನ' ಬಿಡುಗಡೆ ಆಗಿತ್ತು. ಚಿತ್ರರಂಗದವರು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡು ಕೇಳಿಕೊಂಡರು, ಮರುದಿನವೇ ಏಪ್ರಿಲ್ 7ರ ತನಕ ಪೂರ್ತಿ ಸೀಟಿಗೆ ಅನುಮತಿ ಸಿಕ್ಕಿತು. ಜಿಮ್ಮಿನವರು ಪ್ರತಿಭಟಿಸಿದರು, ಅರ್ಧ ಮಂದಿಗೆ ಜಿಮ್ಮು ತೆರೆಯಿತು. ನಾನು ಅಪ್ಪು ಅಭಿಮಾನಿ, ಅವರ ಮೇಲೆ ಒಂದು ಮಾತಿಲ್ಲ. ದುಡ್ಡು ಹಾಕಿದ ಪಿಚ್ಚರಿಗೆ ಅವರು ಕೇಳಿದ್ದು ನ್ಯಾಯವೇ. ನನಗೆ ಕಂಡದ್ದು ಇಷ್ಟು: ಚಿತ್ರಮಂದಿರಕ್ಕೆ ಕೇಳುವವರಿದ್ದರು, ಜಿಮ್ಮಿಗೆ ಇದ್ದರು, 2020ರ ಮೇ 4ರಂದೇ ತೆರೆದ ಮದ್ಯದಂಗಡಿಗೆ ಖಜಾನೆಯೇ ಇತ್ತು. ಆರನೇ ತರಗತಿಯ ಪರವಾಗಿ ವಿಧಾನಸೌಧದ ಮೆಟ್ಟಿಲು ಹತ್ತಲು ಯಾರೂ ಇರಲಿಲ್ಲ. ಒಂದರಿಂದ ಐದಂತೂ ತೆರೆದೇ ಇರಲಿಲ್ಲವಲ್ಲ, ಮುಚ್ಚುವ ಪ್ರಶ್ನೆಯೇ ಬರಲಿಲ್ಲ.

ಅದಾದ ಮೇಲೆ ಎರಡನೇ ಅಲೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ. ಅದಕ್ಕೂ ಮೊದಲು ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೇ ಜನ ಸತ್ತ ರಾತ್ರಿ. ಆ ದಿನಗಳ ಬಗ್ಗೆ ಬರೆಯೋದು ಬೇಡ, ನಿಮಗೂ ನಿಮ್ಮ ನಿಮ್ಮದು ಇರುತ್ತೆ. ಆಗ ಶಾಲೆ ತೆರೀರಿ ಅಂತ ಯಾವ ಹುಚ್ಚನೂ ಕೇಳುತ್ತಿರಲಿಲ್ಲ.

ಜೂನ್ ಕೊನೆಗೆ ಅಲೆ ಇಳಿಯಿತು. ಡಾ. ದೇವಿ ಶೆಟ್ಟಿ ಅವರ ಸಮಿತಿ ಶಾಲೆ ತೆರೆಯೋದು ಒಳ್ಳೆಯದು ಅಂತ ವರದಿ ಕೊಟ್ಟಿತು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಗುರುತು ಹಾಕುವ ಮಾದರಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು, 99.9 ಪ್ರತಿಶತ ಪಾಸು. (ಬೇರೆಯವರ ಹೆಸರಲ್ಲಿ ಬರೆಸಿ ಸಿಕ್ಕಿಬಿದ್ದ ಒಂದೇ ಪ್ರಕರಣ ಫೇಲು. ನಮ್ಮ ಕಾಲದಲ್ಲಿ ಹಿಂಗಿದ್ದಿದ್ರೆ!) ಆಗಸ್ಟ್ 23ಕ್ಕೆ ಸೋಂಕು ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಹನ್ನೆರಡು ತೆರೆಯಿತು. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಕೊನೆಗೆ, ಅಕ್ಟೋಬರ್ 25, 2021ಕ್ಕೆ, ಒಂದರಿಂದ ಐದು.

ಈ ಕ್ರಮ ನೋಡಿ. ಪಾಠ ತಾನೇ ಓದಿಕೊಳ್ಳಬಲ್ಲ ದೊಡ್ಡ ಮಕ್ಕಳು ಮೊದಲು, ಅಕ್ಷರ ಹಿಡಿಯಲು ಮೇಷ್ಟ್ರು ಬೇಕೇ ಬೇಕಾದ ಚಿಕ್ಕವರು ಕೊನೆಗೆ. ರೋಗದ ಅಪಾಯ ಇದ್ದದ್ದು ಇದರ ಉಲ್ಟಾ, ವಯಸ್ಸು ಕಡಿಮೆ ಆದಷ್ಟೂ ಕಡಿಮೆ. ಡೆನ್ಮಾರ್ಕಿನವರು 2020ರ ಏಪ್ರಿಲ್ 15ಕ್ಕೇ ಚಿಕ್ಕವರಿಂದ ಶುರು ಮಾಡಿ ಶಾಲೆ ತೆರೆದಿದ್ದರು. ಅವರ ದುಡ್ಡು ಬೇರೆ, ಕೋಣೆ ಬೇರೆ, ಒಪ್ಪಿದೆ. ಆದರೆ ಚಿಕ್ಕವರಿಂದ ಶುರು ಮಾಡೋದಕ್ಕೆ ದುಡ್ಡು ಬೇಕಿರಲಿಲ್ಲ. ಯುನೆಸ್ಕೋ ಲೆಕ್ಕದಲ್ಲಿ ಭಾರತದಲ್ಲಿ ಶಾಲೆ ಪೂರ್ತಿ ಅಥವಾ ಅರೆಬರೆ ಮುಚ್ಚಿದ್ದು 82 ವಾರ. ಹೆಚ್ಚು ಮುಚ್ಚಿದ ದೇಶ ಉಗಾಂಡಾ, 83. ಸೇಂಟ್ ಲೂಯಿಸ್‌ನ ವಾರಗಳನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಇದಕ್ಕೇ.

ಇದರಿಂದ ಏನಾಯಿತು ಅನ್ನೋದಕ್ಕೆ ಅಂಕಿಗಳು ಸಿಗುತ್ತವೆ. 2021ರ ಆರಂಭದಲ್ಲಿ ಅಸರ್ ಸಮೀಕ್ಷೆಯವರು ಕರ್ನಾಟಕದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳ ಕೈಲಿ ಓದಿಸಿದರು. ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 19.2. ಈಗ 9.8. (ಮೊದಲೇ 19 ಇತ್ತು ಅನ್ನೋದೂ ನಾಚಿಕೆಯ ವಿಷಯವೇ, ಅದು ಬೇರೆ ಕತೆ.) ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದಾಗ ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಮರೆತಿದ್ದರು. ಹೊಸದು ಕಲಿಯದೇ ಇದ್ದದ್ದಲ್ಲ, ಕಲಿತದ್ದೂ ಹೋದದ್ದು. ಆಗಸ್ಟ್ 2021ರಲ್ಲಿ ಜ್ಯಾನ್ ದ್ರೇಜ್, ರೀತಿಕಾ ಖೇರಾ ಮತ್ತವರ ಗೆಳೆಯರು 15 ರಾಜ್ಯಗಳ ಬಡ ಓಣಿಗಳಲ್ಲಿ ಕೇಳಿದಾಗ ಹಳ್ಳಿ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಕಲಿಯುತ್ತಿದ್ದವರು ನೂರಕ್ಕೆ 8.

ಊಟದ್ದೂ ಹೇಳಬೇಕು. ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ಏಳು ಉತ್ತರದ ಜಿಲ್ಲೆಗಳಲ್ಲಿ. ನಮ್ಮದೂ ಅದರಲ್ಲಿ ಒಂದು. ಯಾಕೆ ನಮ್ಮನ್ನ ಆರಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ. ಶಾಲೆ ಮುಚ್ಚಿದಾಗ ಅಕ್ಕಿ ಬೇಳೆ ಮನೆಗೆ ಕೊಟ್ಟರು, ಸರಿ. ಮನೆಗೆ ಬಂದ ಅಕ್ಕಿ ಮನೆಯವರೆಲ್ಲರದು. ಶಾಲೆಯ ತಟ್ಟೆ ಮಾತ್ರ ಮಗುವಿನದು. ಅಕ್ಕ ಒಂದು ಸಲ ಫೋನಿನಲ್ಲಿ ಅಂದಿದ್ದಳು, "ಸಾಲಿ ಇದ್ರ ಮಧ್ಯಾಹ್ನದ ಚಿಂತಿ ಇರತಿರಲಿಲ್ಲೋ ತಮ್ಮಾ, ಹೊಲಕ್ಕ ಹೋಗೂ ಮುಂದ ಇಕಿನ್ನೂ ಕರಕೊಂಡ ಹೋಗಬೇಕು." ಹೊಲಕ್ಕೆ ಹೋದ ಮಗು ಸುಮ್ಮನೆ ಕೂರುತ್ತಾ? ಮೊದಲು ನೀರು ತಂದುಕೊಡುತ್ತೆ, ಆಮೇಲೆ ಕಸ ತೆಗೆಯುತ್ತೆ.

ದಸರೆಗೆ ಅಂತ 2021ರ ಅಕ್ಟೋಬರಿನಲ್ಲಿ ಅಕ್ಕನ ಊರಿಗೆ ಹೋಗಿದ್ದೆ. ಸಿಂದಗಿ ಶಾಸಕ ಎಂ.ಸಿ. ಮನಗೂಳಿ ಆ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರಿಂದ ಅಲ್ಲಿ ಉಪಚುನಾವಣೆ, ಅಕ್ಟೋಬರ್ 30ಕ್ಕೆ ಮತದಾನ. ಮೂರೂ ಪಕ್ಷದ ದೊಡ್ಡ ದೊಡ್ಡ ನಾಯಕರು ತಾಲೂಕಿನಲ್ಲೇ ಬೀಡುಬಿಟ್ಟಿದ್ದರು. ರಸ್ತೆ ತುಂಬಾ ಕಾರು, ಧ್ವನಿವರ್ಧಕ, ಹಾರ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು. ಮಾಸ್ಕು ಗಲ್ಲದ ಮೇಲೆ ಇದ್ದರೆ ಪುಣ್ಯ. ಯಾವ ಪಕ್ಷ ಅಂತ ಕೇಳಬೇಡಿ, ಎಲ್ಲಾ ಒಂದೇ. ಮೂರು ತಿಂಗಳು ಬಿಟ್ಟು, 2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳು ಮತ್ತೆ ಮುಚ್ಚಿದ ವಾರವೇ ಮೇಕೆದಾಟು ಪಾದಯಾತ್ರೆಯೂ ಹೊರಟಿತು.

ಅಕ್ಕನ ಮಗಳು ಅಂಗಳದಲ್ಲಿ ಕೂತು ಮೆರವಣಿಗೆ ನೋಡುತ್ತಿದ್ದಳು. ಆಗ ಅವಳು ಲೆಕ್ಕದಲ್ಲಿ ಮೂರನೇ ಇಯತ್ತೆ. ಎರಡನೇ ಇಯತ್ತೆಯ ಕೋಣೆಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಯಾರದೋ ಪೋಸ್ಟರು ತೋರಿಸಿ "ಇದೇನು ಬರದೈತಿ ಓದು ನೋಡೋಣ" ಅಂದೆ. ಚಿಹ್ನೆ ಯಾವುದು ಅಂತ ಹೇಳಿದಳು. ಅಕ್ಷರ ಒಂದೊಂದೇ ಹಿಡಿದು ನಿಂತುಬಿಟ್ಟಳು. ಒತ್ತಕ್ಷರಕ್ಕೆ ಬಂದಾಗ ನನ್ನ ಮುಖ ನೋಡಿದಳು.

"ಮಾಮಾ, ಇಷ್ಟ ಮಂದಿ ಕೂಡಿದ್ರ ಏನೂ ಆಗಂಗಿಲ್ಲೇನ? ಮತ್ತ ಸಾಲಿ ಯಾಕ ತೆರದಿಲ್ಲ?"

"ತೆರಿತಾರವ್ವಾ, ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ" ಅಂದೆ. ಸುದ್ದಿ ಬಂದಿತ್ತು.

ಆ ಸೋಮವಾರ, ಅಕ್ಟೋಬರ್ 25ಕ್ಕೆ, ಪಾಲಕರ ಒಪ್ಪಿಗೆ ಪತ್ರ ಹಿಡಿದುಕೊಂಡು ಹೋದಳು. ಅಕ್ಕನ ಹಳೇ ಸೀರೆಯ ಮಾಸ್ಕು, ಕಿವಿಗೆ ದೊಡ್ಡದಾಗಿ ಜಾರುತ್ತಿತ್ತಂತೆ, ಹಿಂದೆ ಗಂಟು ಹಾಕಿ ಕಳಿಸಿದ್ದಳು. ಮೊದಲ ವಾರ ಅರ್ಧ ದಿನವಷ್ಟೇ ಶಾಲೆ. ಗುರುವಾರ ಫೋನು ಮಾಡಿ ಕೇಳಿದೆ, ಸಾಲಿ ಹೆಂಗೈತಿ ಅಂತ. ಚೆಂದ ಐತಿ ಅಂದಳು. ಶುಕ್ರವಾರ ಅಪ್ಪು ಹೋದ ಸುದ್ದಿ ಬಂತು, ಅವತ್ತು ಯಾರಿಗೂ ಏನೂ ತೋಚಲಿಲ್ಲ. ಶನಿವಾರ ಮತದಾನ. ಅವಳ ಕೋಣೆಯೇ ಮತಗಟ್ಟೆ ಆಗಿತ್ತು, ಹಾಗಾಗಿ ಸಾಲಿಗೆ ಸೂಟಿ.